ಬಾಲವನದ ಕಾರಂತರು: ಪುತ್ತೂರಿನ ಖಾತೆಯಲ್ಲಿ ಒಂದು ಹಳೇ ಬಾಕಿ

ಪುತ್ತೂರು ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಯಾವ ರಿಕ್ಷಾದವರ ಹತ್ತಿರ ಬೇಕಾದರೂ ಬಾಲವನ ಅಂದು ನೋಡಿ, ದಾರಿ ಕೇಳುವ ಅಗತ್ಯವೇ ಬೀಳುವುದಿಲ್ಲ. ಸೀದಾ ಪರ್ಲಡ್ಕದ ಕಡೆ ಗಾಡಿ ತಿರುಗಿಸುತ್ತಾರೆ. ಆ ಗುಡ್ಡದ ಮೇಲೆ ಡಾ. ಕೋಟ ಶಿವರಾಮ ಕಾರಂತರು ಇದ್ದರು ಎಂಬುದು ಊರಿನ ಎಲ್ಲರಿಗೂ ಗೊತ್ತುಂಟು. ಜ್ಞಾನಪೀಠ ಬಂದ ಸಾಹಿತಿ ಎಂಬುದೂ ಗೊತ್ತುಂಟು. ಅದರ ಮುಂದೆ ಕೇಳಿದರೆ ಮಾತ್ರ ಹೆಚ್ಚಿನವರು ಸುಮ್ಮನಾಗುತ್ತಾರೆ.

ಕಾರಂತರು ಈ ಊರಿನಲ್ಲಿ ಕೂತು ಕಾದಂಬರಿ ಬರೆದು ಎದ್ದು ಹೋದವರಲ್ಲ ಮಾರಾಯ್ರೇ. ಹಬ್ಬ ಮಾಡಿಸಿದರು, ಮಕ್ಕಳನ್ನು ಕುಣಿಸಿದರು, ಶಾಲೆ ತೆರೆದರು, ಪುಸ್ತಕ ಅಚ್ಚು ಹಾಕಿಸಿದರು, ಸಿನಿಮಾ ಮಾಡಲಿಕ್ಕೂ ಹೋದರು. ಅದರಲ್ಲಿ ಅರ್ಧಕ್ಕರ್ಧ ಕೆಲಸಗಳಲ್ಲಿ ಕೈಸುಟ್ಟುಕೊಂಡರು. ಅಂಗಡಿಯವರ ಲೆಕ್ಕದಲ್ಲಿ ನೋಡಿದರೆ ಖರ್ಚೆಲ್ಲ ಅವರದ್ದು, ಜಮೆ ಎಲ್ಲ ಊರಿನದ್ದು. ಆ ಖಾತೆಯನ್ನು ಇವತ್ತು ಒಮ್ಮೆ ತೆರೆದು ನೋಡುವ.

ಕೋಟದ ಹುಡುಗ, ಕಾಲೇಜು ಬಿಟ್ಟವ

ಶಿವರಾಮ ಕಾರಂತರು ಹುಟ್ಟಿದ್ದು 1902ರ ಅಕ್ಟೋಬರ್ 10ರಂದು, ಕೋಟದಲ್ಲಿ. ತಂದೆ ಶೇಷ ಕಾರಂತರು, ತಾಯಿ ಲಕ್ಷ್ಮಮ್ಮ. ಆಗ ನಮ್ಮ ಜಿಲ್ಲೆ ಮದ್ರಾಸು ಪ್ರಾಂತ್ಯಕ್ಕೆ ಸೇರಿದ ದಕ್ಷಿಣ ಕನ್ನಡ. ಉಡುಪಿ ಪ್ರತ್ಯೇಕ ಜಿಲ್ಲೆಯಾಗಲಿಕ್ಕೆ ಇನ್ನೂ ತೊಂಬತ್ತೈದು ವರ್ಷ ಬಾಕಿ. ಹುಡುಗ ಕುಂದಾಪುರದಲ್ಲಿ ಹೈಸ್ಕೂಲು ಮುಗಿಸಿ ಮಂಗಳೂರಿನ ಸರಕಾರಿ ಕಾಲೇಜಿಗೆ ಸೇರಿದ. ಓದಿ, ಒಂದು ಸರಕಾರಿ ನೌಕರಿ ಹಿಡಿದಿದ್ದರೆ ಮನೆಯವರಿಗೂ ಸಂತೋಷ, ಊರಿಗೂ ಮರ್ಯಾದೆ.

ಅಷ್ಟರಲ್ಲಿ ಗಾಂಧಿಯವರ ಕರೆ ಬಂತು. 1921ರಲ್ಲಿ ಕಾಲೇಜು ಬಿಟ್ಟರು. ಮತ್ತೆ ಆ ಮೆಟ್ಟಿಲು ಹತ್ತಲಿಲ್ಲ. ಖಾದಿ ಪ್ರಚಾರ, ಪಾನನಿರೋಧ, ಊರೂರು ತಿರುಗಾಟ ಶುರುವಾಯಿತು. ಮಂಗಳೂರಿನ ಕಾರ್ನಾಡ್ ಸದಾಶಿವರಾಯರಂಥ ಹಿರಿಯರು ತಮ್ಮ ಆಸ್ತಿಯನ್ನೆಲ್ಲ ದೇಶದ ಕೆಲಸಕ್ಕೆ ಸುರಿಯುತ್ತಿದ್ದ ಕಾಲ ಅದು. ಆ ಗಾಳಿ ಈ ಹುಡುಗನಿಗೂ ತಾಗಿತು.

ಕುಂದಾಪುರದಿಂದ ‘ವಸಂತ’ ಎಂಬ ಮಾಸಪತ್ರಿಕೆ ಹೊರಡಿಸಿದರು. ಪುಟ ತುಂಬಿಸಲಿಕ್ಕೆ ತಾವೇ ಪತ್ತೇದಾರಿ ನಮೂನೆಯ ಕಥೆಗಳನ್ನೂ ಬರೆದರು. ಪತ್ರಿಕೆ ಬಹಳ ಕಾಲ ಬಾಳಲಿಲ್ಲ. ಸಣ್ಣ ಊರಿನಲ್ಲಿ ಪತ್ರಿಕೆ ನಡೆಸುವುದು ಎಷ್ಟು ಕಷ್ಟದ ಬಾಬತ್ತು ಎಂದು ಈ ಅಂಕಣ ಓದುವವರಿಗೆ ಬೇರೆ ಹೇಳಬೇಕಾಗಿಲ್ಲ. ಆದರೆ ಅಚ್ಚಿನ ಮಸಿ ಕೈಗೆ ಹತ್ತಿದ್ದು ಮತ್ತೆ ಜನ್ಮಪೂರ್ತಿ ಹೋಗಲಿಲ್ಲ.

ಪುತ್ತೂರಿಗೆ ಬಂದ ಪರಿ

1920ರ ದಶಕ ಮುಗಿಯುವ ಹೊತ್ತಿಗೆ ಕಾರಂತರು ಪುತ್ತೂರಿನ ಕಡೆ ವಾಲಿದರು. ಅಂದಿನ ಪುತ್ತೂರನ್ನು ಸ್ವಲ್ಪ ಕಣ್ಣೆದುರು ತಂದುಕೊಳ್ಳಿ. ರೈಲು ಇಲ್ಲ, ಅದು ಬಂದದ್ದು 1970ರ ದಶಕದ ಕೊನೆಗೆ. ಮಹಾಲಿಂಗೇಶ್ವರ ದೇವಸ್ಥಾನ, ಕೋರ್ಟು, ತಾಲೂಕು ಕಚೇರಿ, ನಾಲ್ಕು ಅಂಗಡಿ ಸಾಲು, ಸುತ್ತ ಅಡಿಕೆ ತೋಟ ಮತ್ತು ಗುಡ್ಡ. ಮನೆಮಾತು ಒಬ್ಬರದ್ದು ತುಳು, ಒಬ್ಬರದ್ದು ಕೊಂಕಣಿ, ಒಬ್ಬರದ್ದು ಬ್ಯಾರಿ, ಇನ್ನೊಬ್ಬರದ್ದು ಹವ್ಯಕ. ಶಾಲೆಯಲ್ಲಿ ಕನ್ನಡ. ಮೇಲಿನ ದರ್ಬಾರೆಲ್ಲ ಮದ್ರಾಸಿನಲ್ಲಿ, ಇಂಗ್ಲಿಷಿನಲ್ಲಿ.

ಇಂಥ ಊರಿನಲ್ಲಿ ಒಬ್ಬ ವಕೀಲರಿದ್ದರು, ಮೊಳಹಳ್ಳಿ ಶಿವರಾಯರು. ಸಹಕಾರಿ ಸಂಘಗಳ ಹೆಸರು ಬಂದಲ್ಲೆಲ್ಲ ನಮ್ಮ ಜಿಲ್ಲೆಯಲ್ಲಿ ಇಂದಿಗೂ ಅವರ ಹೆಸರು ಬರುತ್ತದೆ. ರೈತನಿಗೆ ಬಡ್ಡಿಯವರ ಕೈಯಿಂದ ಬಿಡುಗಡೆ ಆಗಬೇಕು ಎಂದು ದುಡಿದವರು. ಹಣದ ಸಹಕಾರ ಒಂದೇ ಸಾಲದು, ಊರಿಗೆ ವಿದ್ಯೆ ಮತ್ತು ಕಲೆ ಕೂಡ ಬೇಕು ಎಂಬ ಯೋಚನೆ ಅವರಿಗಿತ್ತು. ಹೊಸ ಹೊಸ ಹುಚ್ಚು ಹಿಡಿಸಿಕೊಂಡು ತಿರುಗುತ್ತಿದ್ದ ಕೋಟದ ಈ ತರುಣನಿಗೆ ಶಿವರಾಯರು ಬೆನ್ನು ಕೊಟ್ಟರು. ಒಬ್ಬರ ಹತ್ತಿರ ಊರಿನ ವಿಶ್ವಾಸ ಇತ್ತು, ಇನ್ನೊಬ್ಬರ ಹತ್ತಿರ ಕೈತುಂಬ ಕೆಲಸ ಇತ್ತು. ಜೋಡಿ ಒಳ್ಳೆಯದಾಯಿತು.

ಹೊರಗಿನಿಂದ ಬಂದವರು ಕಾರಂತರು. ಪುತ್ತೂರಿನಲ್ಲಿ ಅವರಿಗೆ ತೋಟ ಇರಲಿಲ್ಲ, ಕುಟುಂಬದ ಬಲ ಇರಲಿಲ್ಲ, ಸಂಬಳದ ಉದ್ಯೋಗವೂ ಇರಲಿಲ್ಲ. ಆದರೂ ಸುಮಾರು ನಾಲ್ಕು ದಶಕ ಈ ಊರೇ ಅವರ ಊರಾಯಿತು.

ದಸರಾ ಅಂದರೆ ನಾಡಹಬ್ಬ

1930ರ ದಶಕದ ಪುತ್ತೂರು ದಸರಾ ನಾಡಹಬ್ಬ ಎಂದರೆ ಆಗ ಜಿಲ್ಲೆಯಲ್ಲೇ ಹೆಸರು. ನವರಾತ್ರಿ ದೇವಸ್ಥಾನದಲ್ಲೂ ನಡೆಯುತ್ತದೆ, ಮನೆಯಲ್ಲೂ ನಡೆಯುತ್ತದೆ. ಅದೇ ದಿನಗಳಲ್ಲಿ ಕನ್ನಡದ ಹೆಸರಿನಲ್ಲಿ ಊರಿನ ಎಲ್ಲ ಜಾತಿ-ಮತದವರು ಒಂದು ಕಡೆ ಕೂತುಕೊಳ್ಳುವಂಥದ್ದು ಏನಾದರೂ ಮಾಡಬೇಕು ಎಂಬುದು ಅದರ ಹಿಂದಿನ ಲೆಕ್ಕ. ಧಾರವಾಡ ಕಡೆಯಲ್ಲೂ ಇದೇ ಹೊತ್ತಿಗೆ ನಾಡಹಬ್ಬದ ಚಳವಳಿ ಎದ್ದಿತ್ತು.

ಇದಕ್ಕೆ ಒಂದು ಕಾರಣವೂ ಉಂಟು. ಆಗ ಕನ್ನಡ ಮಾತಾಡುವವರು ಮುಂಬಯಿ, ಮದ್ರಾಸು, ಹೈದರಾಬಾದು, ಮೈಸೂರು, ಕೊಡಗು ಎಂದು ಹರಿದು ಹಂಚಿಹೋಗಿದ್ದರು. ಎಲ್ಲ ಒಂದೇ ರಾಜ್ಯಕ್ಕೆ ಬಂದದ್ದು 1956ರ ನವೆಂಬರ್ 1ಕ್ಕೆ. ಅದಕ್ಕೆ ಇಪ್ಪತ್ತು ವರ್ಷಗಳಿಗೂ ಮೊದಲೇ ಮದ್ರಾಸು ಪ್ರಾಂತ್ಯದ ಒಂದು ಮೂಲೆಯ ತಾಲೂಕು ಊರಿನಲ್ಲಿ ಕನ್ನಡದ ವಿದ್ವಾಂಸರು, ಸಾಹಿತಿಗಳು, ಕಲಾವಿದರು ಬಂದು ಇಳಿಯುತ್ತಿದ್ದರು. ಪುಸ್ತಕದ ಮೇಲೆ ಹೆಸರು ಮಾತ್ರ ನೋಡಿದ್ದವರನ್ನು ಊರಿನವರು ಎದುರು ಕೂತು ಕೇಳಿದರು. ರಾಜ್ಯ ಒಂದಾಗುವ ಮೊದಲು ನಾಡು ಒಂದಾದದ್ದು ಇಂಥ ಚಪ್ಪರಗಳ ಕೆಳಗೆ.

ಹಬ್ಬ ಅಂದರೆ ಕೆಲಸ ಎಷ್ಟಿರುತ್ತದೆ, ಜಾತ್ರೆ ಸಮಿತಿಯಲ್ಲಿ ದುಡಿದವರಿಗೆ ಗೊತ್ತು. ಬಂದವರಿಗೆ ಊಟ, ಉಳಿದುಕೊಳ್ಳಲಿಕ್ಕೆ ಜಾಗ, ವೇದಿಕೆ, ಬೆಳಕು, ಬೆಂಚು, ಚಂದಾ ಎತ್ತುವ ಪುಸ್ತಕ. ವಿದ್ಯುತ್ತು ಊರೂರಿಗೆ ಬಾರದ ಕಾಲ. ದೂರದಿಂದ ಬರುವ ಅತಿಥಿಗಳಿಗೆ ಘಟ್ಟದ ದಾರಿಯ ಪ್ರಯಾಸ ಬೇರೆ. ಕಾರಂತರು ವೇದಿಕೆ ಮೇಲಿನ ಕುರ್ಚಿಗಿಂತ ವೇದಿಕೆಯ ಹಿಂದುಗಡೆಯೇ ಹೆಚ್ಚು ಇದ್ದ ಜನ. ನಾಟಕ ಬರೆಯುವವರೂ ಅವರೇ, ಹುಡುಗರಿಗೆ ಕಲಿಸುವವರೂ ಅವರೇ, ಬೇಕಾದರೆ ಬಣ್ಣ ಹಚ್ಚಿ ಕುಣಿಯುವವರೂ ಅವರೇ.

ನಾಟಕದ ಹುಚ್ಚು, ಸಿನಿಮಾದ ನಷ್ಟ

ಮಕ್ಕಳನ್ನು ಕಟ್ಟಿಕೊಂಡು ನಾಟಕ ಆಡಿಸುವುದು ಕಾರಂತರಿಗೆ ಊಟಕ್ಕಿಂತ ಇಷ್ಟ. ಬರೇ ಮಾತಿನ ನಾಟಕ ಸಾಲದು ಎಂದು ಗೀತನಾಟಕ ಬರೆದರು. ಮಾತೆಲ್ಲ ಹಾಡಿನಲ್ಲೇ ನಡೆಯುವ ನಾಟಕ. ಅದೂ ಸಾಲದು ಎಂದು ಹಾಡಿಲ್ಲದೆ, ಮಾತಿಲ್ಲದೆ, ಬರೇ ಮೈಯ ಚಲನೆಯಿಂದ ಕಥೆ ಹೇಳುವ ನೃತ್ಯಗಳನ್ನು ಮಾಡಿದರು. ಬುದ್ಧನ ಕಥೆಯ ‘ಕಿಸಾ ಗೋತಮಿ’ ಅವರ ಗೀತನಾಟಕಗಳಲ್ಲಿ ಹೆಸರಾದದ್ದು. ಸತ್ತ ಮಗುವನ್ನು ಎತ್ತಿಕೊಂಡು ಸಾವಿಲ್ಲದ ಮನೆಯ ಸಾಸಿವೆ ಹುಡುಕುವ ತಾಯಿಯ ಕಥೆ ಅದು.

ಗಂಡಸರು, ಅದರಲ್ಲೂ ಮರ್ಯಾದಸ್ಥ ಮನೆಯವರು, ಸ್ಟೇಜಿನ ಮೇಲೆ ಕುಣಿಯುವುದೆಂದರೆ ಆಗ ಜನ ಮುಸಿಮುಸಿ ನಗುತ್ತಿದ್ದರು. ಹೆಣ್ಣುಮಕ್ಕಳು ಕುಣಿಯುವುದಂತೂ ಕೇಳಬೇಡಿ. ಕಾರಂತರು ಇಬ್ಬರನ್ನೂ ಕುಣಿಸಿದರು, ತಾವೂ ಕುಣಿದರು.

ಸಿನಿಮಾ ಬಂತು ಎಂದು ಗೊತ್ತಾದ ಕೂಡಲೇ ಅದನ್ನೂ ಕೈಗೆತ್ತಿಕೊಂಡರು. 1930ರ ಆಸುಪಾಸಿನಲ್ಲಿ ‘ಡೊಮಿಂಗೊ’ ಮತ್ತು ‘ಭೂತರಾಜ್ಯ’ ಎಂಬ ಎರಡು ಮೂಕಿ ಚಿತ್ರಗಳಿಗೆ ಕೈಹಾಕಿದರು. ಅಸ್ಪೃಶ್ಯತೆ, ಭೂತದ ಭಯ, ಎಲ್ಲ ನಮ್ಮ ಕಡೆಯ ಬದುಕಿನದ್ದೇ ವಿಷಯ. ದುಡ್ಡು ಮಾತ್ರ ಹೋದ ದಾರಿಯಲ್ಲಿ ವಾಪಾಸು ಬರಲಿಲ್ಲ. ಬೇರೆಯವರಾದರೆ ಸಾಕಪ್ಪಾ ಎಂದು ಕೈಮುಗಿಯುತ್ತಿದ್ದರು. ಇವರು ಎಷ್ಟೋ ವರ್ಷಗಳ ನಂತರ, ಮುಪ್ಪಿನಲ್ಲಿ, ತಮ್ಮದೇ ‘ಕುಡಿಯರ ಕೂಸು’ ಕಾದಂಬರಿಯನ್ನು ‘ಮಲೆಯ ಮಕ್ಕಳು’ ಎಂಬ ಚಿತ್ರ ಮಾಡಿ ತಾವೇ ನಿರ್ದೇಶಿಸಿದರು.

ಬಾಲವನ ಎಂಬ ಶಾಲೆ

ಪರ್ಲಡ್ಕದ ಗುಡ್ಡದಲ್ಲಿ ಜಾಗ ಮಾಡಿಕೊಂಡು ಗಿಡಮರ ಬೆಳೆಸಿ ಇಟ್ಟ ಹೆಸರು ಬಾಲವನ. ಮನೆಗೆ ಇಟ್ಟ ಹೆಸರು ಅಂತ ಈಗ ಎಷ್ಟೋ ಮಂದಿ ತಿಳಿದಿದ್ದಾರೆ. ಅಲ್ಲಿದ್ದದ್ದು ಮಕ್ಕಳ ಶಾಲೆಯ ಕನಸು.

ಆಗಿನ ಶಾಲೆ ಹೇಗೆ? ಮಗ್ಗಿ ಬಾಯಿಪಾಠ, ತಪ್ಪಿದರೆ ಬೆತ್ತ. ಕಾರಂತರಿಗೆ ಅದು ಹಿಡಿಸಲಿಲ್ಲ. ಮಗು ಮರ ಹತ್ತಿ ಕಲಿಯಬೇಕು, ಹಕ್ಕಿ ನೋಡಿ ಕಲಿಯಬೇಕು, ಚಿತ್ರ ಬರೆದು, ಹಾಡಿ, ಕುಣಿದು ಕಲಿಯಬೇಕು ಎಂಬುದು ಅವರ ಹಟ. ಇವತ್ತು ಪೇಟೆಯ ದೊಡ್ಡ ಶಾಲೆಗಳು ಇದೇ ಮಾತನ್ನು ಬಣ್ಣದ ಬೋರ್ಡಿನಲ್ಲಿ ಬರೆದು ಸಾವಿರಗಟ್ಟಲೆ ಫೀಸು ಎಣಿಸಿಕೊಳ್ಳುತ್ತವೆ. 1930ರ ದಶಕದ ಪುತ್ತೂರಿನಲ್ಲಿ ಅದನ್ನು ಕೇಳಿದವರಿಗೆ ನಗು ಬಂದಿರಬೇಕು. ಆಟ ಆಡಲಿಕ್ಕೆ ಶಾಲೆ ಯಾಕೆ, ಮನೆಯಲ್ಲೇ ಆಡುವುದಿಲ್ಲವಾ?

ಶಾಲೆ ಬಹಳ ಕಾಲ ನಡೆಯಲಿಲ್ಲ. ಪರೀಕ್ಷೆ, ಸರ್ಟಿಫಿಕೇಟು, ನೌಕರಿ ಈ ಮೂರರ ದಾರಿಗೆ ಹತ್ತದ ಶಾಲೆಯನ್ನು ತಂದೆತಾಯಿ ಎಷ್ಟು ದಿನ ನಂಬುತ್ತಾರೆ? ತಂದೆತಾಯಿಯ ತಪ್ಪು ಎಂದೂ ಹೇಳುವ ಹಾಗಿಲ್ಲ. ಅಂಗಡಿಯಲ್ಲಿ ಗುಮಾಸ್ತನಾಗಬೇಕಾದರೂ ಎಷ್ಟನೇ ಕ್ಲಾಸು ಅಂತ ಕೇಳುವ ಕಾಲ ಅದು. ಕಾರಂತರ ಖಾತೆಯಲ್ಲಿ ಇದೊಂದು ದೊಡ್ಡ ನಷ್ಟ.

ಆದರೆ ಆ ನಷ್ಟದಿಂದ ಹುಟ್ಟಿದ ಲಾಭ ಇಡೀ ಕರ್ನಾಟಕಕ್ಕೆ ಬಂತು. ಅದನ್ನು ಮುಂದೆ ಹೇಳುತ್ತೇನೆ.

ಊರು ಹುಬ್ಬೇರಿಸಿದ ಮದುವೆ

1936ರ ಮೇ 6ರಂದು ಕಾರಂತರು ಲೀಲಾ ಆಳ್ವರನ್ನು ಮದುವೆಯಾದರು. ಗಂಡು ಕೋಟದ ಬ್ರಾಹ್ಮಣ, ಹೆಣ್ಣು ಬಂಟರ ಮನೆಯವರು. ಇವತ್ತೂ ಇಂಥ ಮದುವೆ ಆದರೆ ನಮ್ಮ ಬಸ್ಸಿನಲ್ಲಿ ಎರಡು ಸ್ಟಾಪಿನ ತನಕ ಅದೇ ಮಾತು. ತೊಂಬತ್ತು ವರ್ಷದ ಹಿಂದೆ ಹೇಗಿದ್ದಿರಬಹುದು, ನೀವೇ ಯೋಚನೆ ಮಾಡಿ.

ಲೀಲಾ ಕಾರಂತರು ಬರೇ ಮನೆ ನೋಡಿಕೊಂಡವರಲ್ಲ. ಗಂಡನ ನೃತ್ಯ ಪ್ರಯೋಗಗಳಲ್ಲಿ ಜೊತೆಗೆ ಹೆಜ್ಜೆ ಹಾಕಿದರು. ಬಂದುಹೋಗುವ ಸಾಹಿತಿ, ಕಲಾವಿದ, ವಿದ್ಯಾರ್ಥಿಗಳಿಗೆಲ್ಲ ಅನ್ನ ಹಾಕಿದರು. ಸಂಬಳವಿಲ್ಲದ ಗಂಡ, ದಿನಕ್ಕೊಂದು ಹೊಸ ಯೋಜನೆ, ನಾಲ್ಕು ಮಕ್ಕಳು. ಖಾತೆಯಲ್ಲಿ ಅವರ ಹೆಸರಿಗೆ ಜಮೆ ಆಗಬೇಕಾದದ್ದು ಬಹಳ ಉಂಟು. ಹಿರಿಯ ಮಗ ಹರ್ಷ ಎಳೆಯ ಪ್ರಾಯದಲ್ಲೇ ತೀರಿಕೊಂಡರು. ಗಂಡಹೆಂಡಿರಿಬ್ಬರೂ ಆ ಪೆಟ್ಟು ತಿಂದೂ ಕೆಲಸ ಬಿಡಲಿಲ್ಲ. ಕಾರಂತರ ಎಷ್ಟೋ ಪುಸ್ತಕಗಳ ಮೇಲೆ ಕಾಣುವ ಹರ್ಷ ಪ್ರಕಟಣಾಲಯ ಎಂಬ ಹೆಸರು ಆ ಮಗನದ್ದೇ.

ಮಕ್ಕಳಿಗೆ ಒಂದು ಪ್ರಪಂಚ

ಶಾಲೆ ನಿಲ್ಲಲಿಲ್ಲ ಅಂದೆನಲ್ಲ, ಈಗ ಅದರ ಲಾಭಕ್ಕೆ ಬರುವ. ಒಂದು ಗುಡ್ಡಕ್ಕೆ ಮಕ್ಕಳು ಬಾರದಿದ್ದರೆ ಗುಡ್ಡವನ್ನೇ ಮಕ್ಕಳ ಮನೆಗೆ ಕಳಿಸುವುದು ಎಂದು ಅವರು ತೀರ್ಮಾನಿಸಿದ ಹಾಗೆ ಕಾಣುತ್ತದೆ. 1936ರಲ್ಲಿ ‘ಬಾಲಪ್ರಪಂಚ’ ಬಂತು, ಮೂರು ಸಂಪುಟ. ಕನ್ನಡದ ಮಕ್ಕಳಿಗೆ ಚಿತ್ರಸಹಿತ ವಿಶ್ವಕೋಶ.

ಆಗ ಅವರಿಗೆ ಮೂವತ್ತನಾಲ್ಕು ಪ್ರಾಯ. ಹಿಂದೆ ಯೂನಿವರ್ಸಿಟಿ ಇಲ್ಲ, ಸರಕಾರ ಇಲ್ಲ, ಹತ್ತು ಮಂದಿ ಪಂಡಿತರ ಸಮಿತಿ ಇಲ್ಲ. ಇಂಗ್ಲಿಷಿನಲ್ಲಿ ಇಂಥ ಪುಸ್ತಕ ಮಾಡಲಿಕ್ಕೆ ದೊಡ್ಡ ಕಂಪೆನಿಗಳು ಬೇಕಾಗುತ್ತವೆ. ಇಲ್ಲಿ ಕಾಲೇಜು ಮುಗಿಸದ ಒಬ್ಬ ಮನುಷ್ಯ ಓದಿ, ಬರೆದು, ಚಿತ್ರ ಹೊಂದಿಸಿ ಮುಗಿಸಿದ. ವಿಜ್ಞಾನಕ್ಕೆ ಕನ್ನಡದಲ್ಲಿ ಎಷ್ಟೋ ಶಬ್ದಗಳೇ ಇರಲಿಲ್ಲ. ಅದನ್ನೂ ದಾರಿಯಲ್ಲೇ ಮಾಡಿಕೊಳ್ಳಬೇಕಾಯಿತು. 1941ರಲ್ಲಿ ‘ಸಿರಿಗನ್ನಡ ಅರ್ಥಕೋಶ’ ಎಂಬ ನಿಘಂಟನ್ನೂ ಒಬ್ಬರೇ ಮಾಡಿದರು. ಅದೂ ಸಾಲದು ಎಂದು 1959ರಿಂದ ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟಗಳನ್ನು ಹೊರತಂದರು.

ಬರೆದದ್ದನ್ನು ಅಚ್ಚು ಹಾಕುವುದು, ಪ್ರೂಫು ತಿದ್ದುವುದು, ಮಾರುವುದು ಎಲ್ಲದರಲ್ಲೂ ಅವರ ಕೈ. ರಕ್ಷಾಪುಟಕ್ಕೆ ಎಷ್ಟೋ ಸಲ ಚಿತ್ರವನ್ನೂ ತಾವೇ ಬರೆಯುತ್ತಿದ್ದರು. ಪುಸ್ತಕದ ವ್ಯಾಪಾರ ಅಂದರೆ ಸಾಮಾನಿನ ವ್ಯಾಪಾರದ ಹಾಗಲ್ಲ. ಅಕ್ಕಿ ಇವತ್ತು ಹೋಗದಿದ್ದರೆ ನಾಳೆ ಹೋದೀತು. ಪುಸ್ತಕದ ಕಟ್ಟು ಮನೆಯಲ್ಲಿ ಕೂತರೆ ಗೆದ್ದಲಿಗೆ ಸಂತೋಷ. ನಮ್ಮ ಮಳೆಗಾಲ ಬೇರೆ ನಿಮಗೆ ಗೊತ್ತುಂಟಲ್ಲ. ಆದರೂ ಬಾಳಿನ ಕೊನೆತನಕ ಅವರು ಬದುಕಿದ್ದು ಬರವಣಿಗೆಯಿಂದಲೇ. ಕನ್ನಡದಲ್ಲಿ ನೌಕರಿ ಹಿಡಿಯದೆ ಬರೇ ಬರೆದು ಬದುಕಿದವರನ್ನು ಬೆರಳಲ್ಲಿ ಎಣಿಸಬಹುದು.

ನಡೆದದ್ದೇ ಕಾದಂಬರಿ

ಕಾರಂತರು ಬರೆದ ಕಾದಂಬರಿ 47. ಅದರ ಪಟ್ಟಿ ಇಲ್ಲಿ ಬೇಡ. ಅದರಲ್ಲಿ ನಮ್ಮ ಕಡೆಯ ಮಣ್ಣು ಎಷ್ಟುಂಟು ಎಂಬುದಷ್ಟೇ ಹೇಳಬೇಕು.

1933ರ ‘ಚೋಮನ ದುಡಿ’ಯ ಚೋಮನಿಗೆ ಬೇಕಾದದ್ದು ಬೇರೇನಲ್ಲ, ತನ್ನದೇ ಒಂದು ತುಂಡು ಗದ್ದೆ. ಜೋಡಿ ಎತ್ತು ಸಾಕಿದ್ದಾನೆ, ಉಳಲಿಕ್ಕೆ ಗದ್ದೆ ಇಲ್ಲ. ಹೊಲೆಯನಿಗೆ ಬೇಸಾಯಕ್ಕೆ ಗದ್ದೆ ಕೊಡುವ ಪದ್ಧತಿ ಇಲ್ಲ ಎಂಬ ಒಂದೇ ಕಾರಣಕ್ಕೆ ಅವನ ಆಸೆ ಸುಟ್ಟುಹೋಗುತ್ತದೆ. ನಮ್ಮ ಕಣ್ಣೆದುರೇ ನಡೆಯುತ್ತಿದ್ದದ್ದನ್ನು ನಾವು ನೋಡದೆ ಇದ್ದೆವು, ಈ ಮನುಷ್ಯ ನೋಡಿ ಬರೆದರು. ಬಿ.ವಿ. ಕಾರಂತರು 1975ರಲ್ಲಿ ಅದನ್ನು ಸಿನಿಮಾ ಮಾಡಿದಾಗ ರಾಷ್ಟ್ರಪತಿಗಳ ಸ್ವರ್ಣಕಮಲ ಬಂತು. ಚೋಮನಾಗಿ ನಟಿಸಿದ ಎಂ.ವಿ. ವಾಸುದೇವ ರಾಯರಿಗೆ ರಾಷ್ಟ್ರ ಮಟ್ಟದ ಶ್ರೇಷ್ಠ ನಟ ಪ್ರಶಸ್ತಿಯೂ ಬಂತು.

1943ರ ‘ಬೆಟ್ಟದ ಜೀವ’ ಓದಿ, ಆಮೇಲೆ ಸುಬ್ರಹ್ಮಣ್ಯದ ಬಸ್ಸಿನಲ್ಲಿ ಕಿಟಕಿ ಹತ್ತಿರ ಕೂತುಕೊಳ್ಳಿ. ಆ ಗುಡ್ಡ, ಆ ಮಳೆ, ಆ ಕಾಡಿನ ನಡುವೆ ಅಡಿಕೆ ತೋಟ ಎಬ್ಬಿಸಿದ ಗೋಪಾಲಯ್ಯ, ಓಡಿಹೋದ ಮಗನ ದಾರಿ ಕಾಯುವ ಶಂಕರಮ್ಮ. ನಮ್ಮ ಪೇಟೆಯ ಅಂಗಡಿಗಳಿಗೆ ಅಡಿಕೆ ತಂದುಹಾಕುವ ಕೃಷಿಕರ ಅಜ್ಜಂದಿರು ಹೇಗೆ ಬದುಕಿದ್ದರು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ದಾಖಲೆ ಇಲ್ಲ. ‘ಕುಡಿಯರ ಕೂಸು’ವಿನಲ್ಲಿ ಘಟ್ಟದ ಬುಡದ ಮಲೆಕುಡಿಯರ ಬದುಕು ಉಂಟು. 1941ರ ‘ಮರಳಿ ಮಣ್ಣಿಗೆ’ ಮಾತ್ರ ಅವರ ತವರು ಕೋಟದ ಕಡಲ ಕರೆಯದ್ದು, ಮೂರು ತಲೆಮಾರಿನ ಕಥೆ.

ಇದೆಲ್ಲ ಮೇಜಿನ ಮುಂದೆ ಕೂತು ಹುಟ್ಟಿದ್ದಲ್ಲ. ಕಾರಂತರು ಕಾಲಿಗೆ ಚಕ್ರ ಕಟ್ಟಿಕೊಂಡಿದ್ದವರು. ಕಾಡುಗುಡ್ಡ ಹತ್ತಿ ಇಳಿದು, ಕಂಡವರ ಜಗಲಿಯಲ್ಲಿ ಕೂತು ಮಾತಾಡಿ ಸಂಗ್ರಹಿಸಿದ್ದು.

ಯಕ್ಷಗಾನದ ಜಗಳ

ನಮ್ಮ ಜಿಲ್ಲೆಯಲ್ಲಿ ಯಕ್ಷಗಾನದ ವಿಷಯ ತೆಗೆದರೆ ಎರಡು ಪಕ್ಷ ಗ್ಯಾರಂಟಿ. ಕಾರಂತರ ವಿಷಯದಲ್ಲೂ ಹಾಗೆಯೇ.

ಅವರು ಊರೂರು ತಿರುಗಿ ಹಳೇ ಭಾಗವತರಿಂದ ಹಾಡು ಕೇಳಿದರು, ಹಳೇ ತಾಳೆಗರಿ ಹುಡುಕಿದರು, ವೇಷಭೂಷಣ ಅಭ್ಯಾಸ ಮಾಡಿದರು. 1957ರಲ್ಲಿ ‘ಯಕ್ಷಗಾನ ಬಯಲಾಟ’ ಪುಸ್ತಕ ಬಂತು. 1959ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಗದ್ದೆಯಲ್ಲಿ ರಾತ್ರಿ ಬೆಳಗಿನ ತನಕ ನಡೆಯುವ ನಮ್ಮ ಆಟಕ್ಕೆ ದೆಹಲಿಯಲ್ಲಿ ಮರ್ಯಾದೆ ಸಿಕ್ಕಿತು.

ಅಲ್ಲಿಗೇ ನಿಲ್ಲಿಸಿದ್ದರೆ ಎಲ್ಲರೂ ಕೈ ಚಪ್ಪಾಳೆ ತಟ್ಟುತ್ತಿದ್ದರು. ನಿಲ್ಲಿಸಿದರೆ ಅವರು ಕಾರಂತರೇ ಅಲ್ಲ. ರಾತ್ರಿಯಿಡೀ ಆಟವನ್ನು ಎರಡು-ಮೂರು ಗಂಟೆಗೆ ಇಳಿಸಿದರು, ಅರ್ಥ ಮಾತಾಡುವುದನ್ನು ತೆಗೆದುಹಾಕಿದರು, ಪಿಟೀಲು, ಸ್ಯಾಕ್ಸೊಫೋನು ಸೇರಿಸಿದರು. ನೃತ್ಯಕ್ಕೆ ಪ್ರಾಧಾನ್ಯ ಕೊಟ್ಟರು. ಭಾಷೆ ಬಾರದ ಹೊರದೇಶದವರೂ ನೋಡಿ ಮೆಚ್ಚಿದರು. ಆದರೆ ಅರ್ಥಗಾರಿಕೆ ಇಲ್ಲದ ಯಕ್ಷಗಾನ ಉಪ್ಪಿಲ್ಲದ ಸಾರಿನ ಹಾಗೆ ಎಂದು ಇಲ್ಲಿನ ರಸಿಕರು ಮುಖ ಸಿಂಡರಿಸಿದರು. ಅವರ ಮಾತಿನಲ್ಲೂ ತಥ್ಯ ಉಂಟು. ತಾಳಮದ್ದಳೆಯ ಊರಿನವರಿಗೆ ಮಾತು ಬೇಡ ಅಂದರೆ ಹೇಗೆ? ನಮ್ಮ ಮೇಳಗಳು ಕಾರಂತರ ದಾರಿಯಲ್ಲಿ ಹೋಗಲಿಲ್ಲ ಎಂಬುದು ಸತ್ಯ. ಆದರೆ ಯಕ್ಷಗಾನವನ್ನು ತರಗತಿಯಲ್ಲಿ ಕೂರಿಸಿ ಕಲಿಸಬಹುದು, ಅಧ್ಯಯನ ಮಾಡಬಹುದು ಎಂಬ ಧೈರ್ಯ ಬಂದದ್ದರಲ್ಲಿ ಅವರ ಪಾಲು ದೊಡ್ಡದು. ಉಡುಪಿಯ ಯಕ್ಷಗಾನ ಕೇಂದ್ರದ ಆರಂಭದ ದಿನಗಳಲ್ಲಿ ಅವರ ಬಲ ಇತ್ತು.

ಗುಣದ ಜೊತೆ ದೋಷವೂ

ಹೊಗಳಿಕೆ ಮಾತ್ರ ಬರೆದರೆ ಕಾರಂತರಿಗೇ ಇಷ್ಟವಾಗುತ್ತಿರಲಿಲ್ಲ. ಮನುಷ್ಯ ನೇರ, ಮುಖಸ್ತುತಿ ಗೊತ್ತಿಲ್ಲ, ಸಿಟ್ಟು ಬೇಗ. ಸಮಿತಿಯಲ್ಲಿ ಎಂಟು ಮಂದಿಯ ಅಭಿಪ್ರಾಯ ಕೇಳಿ, ತೂಗಿ, ಒಪ್ಪಿಸಿ ಕೆಲಸ ಮಾಡುವ ತಾಳ್ಮೆ ಅವರದ್ದಲ್ಲ. ತಾನೇ ಮಾಡಿದರೆ ಬೇಗ ಆಗುತ್ತದೆ ಎಂಬ ಜಾತಿ. ಅದರಿಂದ ಕೆಲಸ ಆಯಿತು, ಆದರೆ ಅವರ ಹಿಂದೆ ಅದನ್ನು ಹೊತ್ತುಕೊಂಡು ಹೋಗುವ ಸಂಸ್ಥೆ ಬೆಳೆಯಲಿಲ್ಲ. ನಾಡಹಬ್ಬದ ಆ ವೈಭವ ಮುಂದೆ ಉಳಿಯಲಿಲ್ಲ. ಶಾಲೆ ಉಳಿಯಲಿಲ್ಲ. ಮೊಳಹಳ್ಳಿಯವರು ಕಟ್ಟಿದ ಸಹಕಾರಿ ಸಂಘಗಳು ಅವರ ನಂತರವೂ ನಡೆದವು. ಕಾರಂತರು ಕಟ್ಟಿದ ಚಪ್ಪರ ಅವರ ಕೈ ಬಿಟ್ಟ ಕೂಡಲೇ ಬಿತ್ತು.

ಆದರೆ ತಪ್ಪು ಅವರೊಬ್ಬರದ್ದೇ ಅಂತ ಹೇಳಿ ನಾವು ಜಾರಿಕೊಳ್ಳಬಹುದಾ? ಬಂಡಿ ಎಳೆಯುವ ಎತ್ತು ಜೋರಾಗಿ ಹೋಯಿತು ಅಂತ ಮತ್ತೊಂದು ಎತ್ತು ನೊಗವನ್ನೇ ಬಿಟ್ಟು ನಿಂತರೆ ಬಂಡಿ ಎಲ್ಲಿಗೆ ಹೋದೀತು?

ಕೊನೆಯ ದಿನಗಳು

1955ರಲ್ಲಿ ಮೈಸೂರಿನ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರು. 1968ರಲ್ಲಿ ಪದ್ಮಭೂಷಣ. ತುರ್ತುಪರಿಸ್ಥಿತಿ ಬಂದಾಗ ಅದನ್ನು ವಾಪಾಸು ಕೊಟ್ಟರು. 1977ರಲ್ಲಿ ‘ಮೂಕಜ್ಜಿಯ ಕನಸುಗಳು’ ಕಾದಂಬರಿಗೆ ಜ್ಞಾನಪೀಠ. ಅಷ್ಟರಲ್ಲಿ ಅವರು ಪುತ್ತೂರು ಬಿಟ್ಟು ಹುಟ್ಟೂರಿನ ಹತ್ತಿರ ಸಾಲಿಗ್ರಾಮಕ್ಕೆ ಹೋಗಿ ನೆಲೆಸಿದ್ದರು. ಹೀಗಾಗಿ ದೇಶದ ದೊಡ್ಡ ಪ್ರಶಸ್ತಿ ಬಂದಾಗ ಹಾರ ಹಾಕಲಿಕ್ಕೆ ಪುತ್ತೂರಿನವರು ಸಾಲಿಗ್ರಾಮಕ್ಕೆ ಹೋಗಬೇಕಾಯಿತು.

ಎಂಬತ್ತು ದಾಟಿದ ಮೇಲೆ ಕೈಗಾ ಅಣುಸ್ಥಾವರದ ವಿರುದ್ಧ ಎದ್ದು ನಿಂತರು. 1989ರಲ್ಲಿ ಉತ್ತರ ಕನ್ನಡದಿಂದ ಲೋಕಸಭೆಗೂ ಸ್ಪರ್ಧಿಸಿದರು. ಕಾಡು ಮತ್ತು ಪರಿಸರದ ವಿಷಯ ಜನರ ಕಿವಿಗೆ ಹಾಕುವುದೇ ಮುಖ್ಯ ಉದ್ದೇಶ. ಸೋತರು. ಆ ಸೋಲಿನಿಂದ ಅವರು ಕುಗ್ಗಿದ್ದು ಕಾಣಲಿಲ್ಲ. 1997ರ ಡಿಸೆಂಬರ್ 9ರಂದು ತೀರಿಕೊಂಡಾಗ ಅವರಿಗೆ ತೊಂಬತ್ತೈದು ಪ್ರಾಯ. ಲೀಲಾ ಕಾರಂತರು ಅದಕ್ಕೆ ಹತ್ತು ವರ್ಷಕ್ಕೂ ಮೊದಲೇ ಹೋಗಿದ್ದರು.

ಬಾಕಿ ತೀರಿಸುವುದು ಹೇಗೆ?

ಈಗ ಬಾಲವನ ಸರಕಾರದ ಸುಪರ್ದಿಯಲ್ಲಿ ಉಂಟು. ಅವರ ಮನೆಯನ್ನು ದುರಸ್ತಿ ಮಾಡಿ ಉಳಿಸಿದ್ದಾರೆ. ಅಕ್ಟೋಬರ್ 10 ಬಂದರೆ ಅವರ ಹೆಸರಿನಲ್ಲಿ ಕಾರ್ಯಕ್ರಮ, ಪ್ರಶಸ್ತಿ, ಭಾಷಣ. ಒಳ್ಳೆಯದೇ. ಮನೆ ಬಿದ್ದುಹೋಗುವುದಕ್ಕಿಂತ ಅದು ಸಾವಿರ ಪಾಲು ಮೇಲು.

ಆದರೆ ಖಾತೆ ನೋಡಿದರೆ ಬಾಕಿ ಅಷ್ಟಕ್ಕೆ ತೀರುವುದಿಲ್ಲ. ಕಾರಂತರು ನಮ್ಮ ಊರಿಗೆ ಸಾಲ ಕೊಟ್ಟದ್ದು ತಮ್ಮ ಹೆಸರನ್ನಲ್ಲ, ತಮ್ಮ ದಿನಗಳನ್ನು. ಬೆಳಿಗ್ಗೆ ಬರೆಯಬಹುದಾಗಿದ್ದ ಹೊತ್ತಿನಲ್ಲಿ ಊರಿನ ಹುಡುಗರಿಗೆ ಹೆಜ್ಜೆ ಕಲಿಸಿದರು. ತಮ್ಮ ಮನೆಗೆ ಖರ್ಚು ಮಾಡಬಹುದಾಗಿದ್ದ ದುಡ್ಡನ್ನು ಊರಿನ ಮಕ್ಕಳ ಪುಸ್ತಕಕ್ಕೆ ಹಾಕಿದರು. ಅದರ ಬಡ್ಡಿ ಹಾರದಿಂದ ತೀರುವಂಥದ್ದಲ್ಲ. ದಿನಕ್ಕೆ ದಿನವೇ ವಾಪಾಸು ಕೊಡಬೇಕು.

ಹೇಗೆ ಅಂತೀರಾ? ದೊಡ್ಡ ಯೋಜನೆ ಬೇಡ. ನಿಮ್ಮ ವಾರ್ಡಿನ ಶಾಲೆಯಲ್ಲಿ ಮಕ್ಕಳ ನಾಟಕ ಇದ್ದರೆ ಅಂಗಡಿ ಅರ್ಧ ಗಂಟೆ ಬೇಗ ಮುಚ್ಚಿ ಹೋಗಿ ಕೂತುಕೊಳ್ಳಿ. ಲೈಬ್ರರಿಯ ಕಪಾಟಿನಲ್ಲಿ ‘ಬೆಟ್ಟದ ಜೀವ’ ಉಂಟಾ ಅಂತ ಕೇಳಿ, ಇದ್ದರೆ ತಂದು ಬಸ್ಸಿನಲ್ಲಿ ಓದಿ, ಹೋಗಿಬರುವ ದಾರಿಯಲ್ಲಿ ನಾಲ್ಕು ದಿನದ ಬಾಬತ್ತು. ಕನ್ನಡದ ಕಾರ್ಯಕ್ರಮ ಇದ್ದಾಗ ಎದುರಿನ ಸಾಲಿನ ಕುರ್ಚಿಗೆ ಜನ ಯಾವಾಗಲೂ ಸಿಗುತ್ತಾರೆ. ಮುಗಿದ ಮೇಲೆ ಬೆಂಚು ಎತ್ತಿ ಒಳಗೆ ಇಡಲಿಕ್ಕೆ ಸಿಗುವುದಿಲ್ಲ. ಕಾರಂತರು ಆ ಬೆಂಚು ಎತ್ತುವ ಜನ.

ಮುಂದಿನ ಸಲ ಪರ್ಲಡ್ಕದ ಕಡೆ ಹೋದಾಗ ಆ ಗುಡ್ಡ ಹತ್ತಿ ನೋಡಿ. ಮಕ್ಕಳಿದ್ದರೆ ಕರಕೊಂಡು ಹೋಗಿ, ಮರದ ಕೆಳಗೆ ಸ್ವಲ್ಪ ಹೊತ್ತು ಆಡಲಿಕ್ಕೆ ಬಿಡಿ. ಆ ಜಾಗಕ್ಕೆ ಬಾಲವನ ಅಂತ ಹೆಸರಿಟ್ಟದ್ದು ಅದಕ್ಕೇ ಅಲ್ವಾ?